ಪಿಎಸ್‌ಎಟಿ, ನ್ಯಾಷನಲ್ ಮೆರಿಟ್ ಸ್ಕಾಲರ್‌ಶಿಪ್: ಮಗಳು ಬರೆದ ಮೇಲೆ ನನಗೆ ಅನಿಸಿದ್ದು

ಅಮೆರಿಕದಲ್ಲಿ ಹೈಸ್ಕೂಲ್ ಓದೋ ಮಕ್ಕಳಿರುವವರು ಇದನ್ನು ಓದಿ. ನನ್ನ ಮಗಳು ಹನ್ನೊಂದನೇ ಗ್ರೇಡಿನ ಅಕ್ಟೋಬರ್‌ನಲ್ಲಿ ಪಿಎಸ್‌ಎಟಿ ಬರೆದಳು. ಕಾಲೇಜು ಪ್ರವೇಶಕ್ಕೆ ಬರೆಯುವ ಎಸ್‌ಎಟಿಗೆ ಮೊದಲು ಬರೆಯುವ ಪರೀಕ್ಷೆ ಇದು. ಶಾಲೆಯಿಂದ ಬಂದ ಇಮೇಲ್‌ನಲ್ಲಿ ದಿನ, ಸಮಯ, ಲ್ಯಾಪ್‌ಟಾಪ್ ಚಾರ್ಜ್ ಮಾಡಿಕೊಂಡು ಬನ್ನಿ, ಇಷ್ಟೇ ಇತ್ತು. ಜಾಣ ಮಕ್ಕಳಿಗೆ ಕಾಲೇಜು ಓದಲು ಕೊಡುವ ನ್ಯಾಷನಲ್ ಮೆರಿಟ್ ಸ್ಕಾಲರ್‌ಶಿಪ್‌ಗೆ ಈ ಅಂಕವೇ ಆಧಾರ ಅಂತ ಒಂದು ಸಾಲೂ ಇರಲಿಲ್ಲ. ಎಸ್‌ಎಟಿಗೆ ಪ್ರಾಕ್ಟೀಸ್ ಅಂದುಕೊಂಡು ಸುಮ್ನೆ ಹೋಗಿ ಬರೆದು ಬಂದಳು. ಈಗಲೂ ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ. ಹತ್ತರಲ್ಲಿ ಬರೆದದ್ದು ಲೆಕ್ಕಕ್ಕಿಲ್ಲ, ಹನ್ನೊಂದರದ್ದೇ ಬೇಕು.

ಪರೀಕ್ಷೆ ಮಾತ್ರ ಚೆನ್ನಾಗಿದೆ. 2023ರಿಂದ ಕಂಪ್ಯೂಟರ್‌ನಲ್ಲೇ, 2 ಗಂಟೆ 14 ನಿಮಿಷ, 98 ಪ್ರಶ್ನೆ. ಪರೀಕ್ಷೆ ಬರೆಯುವ ಬ್ಲೂಬುಕ್ ಆಪ್‌ನಲ್ಲೂ ಖಾನ್ ಅಕಾಡೆಮಿ ವೆಬ್‌ಸೈಟ್‌ನಲ್ಲೂ ಅಭ್ಯಾಸ ಉಚಿತ. ಕೋಚಿಂಗ್‌ಗೆ ದುಡ್ಡು ಸುರಿಯಬೇಕು ಅಂತ ನನಗನಿಸಲಿಲ್ಲ.

ನಮಗೆ ತಡವಾಗಿ ಗೊತ್ತಾದದ್ದು ಸೆಲೆಕ್ಷನ್ ಇಂಡೆಕ್ಸ್, ಅಂದರೆ ಸ್ಕಾಲರ್‌ಶಿಪ್‌ಗೆ ಮಕ್ಕಳನ್ನು ಆರಿಸೋಕೆ ನೋಡುವ ಅಂಕ. ಇಂಗ್ಲಿಷ್ ಅಂಕವನ್ನು ಎರಡರಿಂದ ಗುಣಿಸಿ, ಅದಕ್ಕೆ ಗಣಿತದ ಅಂಕ ಕೂಡಿಸಿ, ಹತ್ತರಿಂದ ಭಾಗಿಸುತ್ತಾರೆ. ಇಂಗ್ಲಿಷ್ 720, ಗಣಿತ 760 ಬಂದರೆ 220. ಅದೇ ಅದಲು ಬದಲಾದರೆ 224. ಒಟ್ಟು ಅಂಕ ಎರಡರಲ್ಲೂ 1480! ನಾವು ಗಣಿತ ಗಣಿತ ಅಂತ ಮಕ್ಕಳ ಬೆನ್ನು ಹತ್ತುತ್ತೇವೆ ಅಲ್ವಾ, ಇಲ್ಲಿ ನೋಡಿದರೆ ಓದಿ ಅರ್ಥ ಮಾಡಿಕೊಳ್ಳೋದಕ್ಕೇ ಎರಡರಷ್ಟು ಬೆಲೆ. ಸೆಮಿಫೈನಲಿಸ್ಟ್ ಆಗೋಕೆ, ಅಂದರೆ ಮೊದಲ ಸುತ್ತು ದಾಟೋಕೆ, ಬೇಕಾದ ಕಟಾಫ್ ಕೂಡ ರಾಜ್ಯಕ್ಕೊಂದು. ನ್ಯೂಜೆರ್ಸಿಯಲ್ಲಿ ಬೇಕಾಗುವ ಇಂಡೆಕ್ಸಿಗೂ ವಯೋಮಿಂಗ್‌ನಲ್ಲಿ ಸಾಕಾಗುವ ಇಂಡೆಕ್ಸಿಗೂ 10ಕ್ಕಿಂತ ಜಾಸ್ತಿ ವ್ಯತ್ಯಾಸ. ಅಷ್ಟೇ ಅಂಕ ತೆಗೆದ ಮಗು ಬೇರೆ ರಾಜ್ಯದ ಶಾಲೆಯಲ್ಲಿದೆ ಅನ್ನೋ ಕಾರಣಕ್ಕೆ ಹೊರಗುಳಿಯೋದು ನನಗೆ ಸರಿ ಕಾಣಲಿಲ್ಲ.

ಇನ್ನು ದುಡ್ಡು. ಸುಮಾರು 16,000 ಮಕ್ಕಳು ಸೆಮಿಫೈನಲಿಸ್ಟ್ ಆಗುತ್ತಾರೆ. ಆಮೇಲೆ ಪ್ರಬಂಧ, ಗ್ರೇಡು, ಶಿಫಾರಸು ಪತ್ರ ಎಲ್ಲ ಕಳಿಸಿದವರಲ್ಲಿ ಹೆಚ್ಚಿನವರು ಫೈನಲಿಸ್ಟ್ ಆಗುತ್ತಾರೆ. ನ್ಯಾಷನಲ್ ಮೆರಿಟ್ ಸಂಸ್ಥೆಯೇ ಕೊಡುವ ಸ್ಕಾಲರ್‌ಶಿಪ್ 2,500 ಡಾಲರ್, ಅದೂ ಒಂದೇ ಸಲ. ಇಲ್ಲಿನ ಕಾಲೇಜು ಖರ್ಚಿನ ಮುಂದೆ ಅದು ಯಾವ ಮೂಲೆಗೆ? ನಿಜವಾದ ಲಾಭ ಬೇರೆ ಕಡೆ ಇದೆ. ಅಲಬಾಮಾ ವಿಶ್ವವಿದ್ಯಾಲಯದಂಥ ಕಡೆ ಫೈನಲಿಸ್ಟ್‌ಗಳಿಗೆ ಟ್ಯೂಷನ್ ಜೊತೆಗೆ ವಸತಿಯ ಖರ್ಚನ್ನೂ ಕೊಟ್ಟು ಕರೆದುಕೊಳ್ಳುತ್ತಾರೆ. ಹಾರ್ವರ್ಡ್, ಯೇಲ್ ಕಡೆ ಇದಕ್ಕಂತ ಏನೂ ಸಿಗಲ್ಲ, ಅಲ್ಲಿ ಕೊಡೋದು ಮನೆಯ ಆದಾಯ ನೋಡಿ. ಹಾಗಾಗಿ ಎಲ್ಲಿಗೆ ಸೇರಬೇಕು ಅನ್ನೋದನ್ನು ಮೊದಲೇ ಮನೆಯಲ್ಲಿ ಕೂತು ಮಾತಾಡಿ.

ಮಗಳಿಗೆ ಸಿಕ್ಕಿದ್ದು ಕಮೆಂಡೆಡ್ ಪತ್ರ, ಅಂದರೆ ಸೆಮಿಫೈನಲ್ ತಲುಪದಿದ್ದರೂ ಒಳ್ಳೆಯ ಅಂಕ ತೆಗೆದವರಿಗೆ ಕೊಡುವ ಮೆಚ್ಚುಗೆ ಪತ್ರ. ಸೆಮಿಫೈನಲ್‌ಗೆ ಎರಡೇ ಪಾಯಿಂಟ್ ಕಡಿಮೆ. ಒಂದು ತಿಂಗಳು ಮೊದಲು ಗೊತ್ತಿದ್ದರೆ ಆ ಎರಡು ಪಾಯಿಂಟ್ ಬರುತ್ತಿತ್ತು ಅಂತ ಅವಳೇ ಹೇಳಿದಳು.

ನಿಮ್ಮ ಶಾಲೆಯಲ್ಲಿ ಈ ಪರೀಕ್ಷೆ ನಡೆಸದಿದ್ದರೆ ಬೇಸಿಗೆ ರಜೆಗೆ ಮೊದಲೇ ಪಕ್ಕದ ಹೈಸ್ಕೂಲಿನಲ್ಲಿ ವಿಚಾರಿಸಿ. ಪರೀಕ್ಷೆಯ ದಿನ ಜ್ವರ ಬಂದು ತಪ್ಪಿಹೋದರೆ ಎಸ್‌ಎಟಿ ಅಂಕ ಕೊಟ್ಟು ಈ ಸ್ಕಾಲರ್‌ಶಿಪ್ ಸ್ಪರ್ಧೆಗೆ ಸೇರುವ ದಾರಿಯೂ ಇದೆ, ಆದರೆ ಅದಕ್ಕೆ ಬೇರೆಯಾಗಿ ಅರ್ಜಿ ಹಾಕಬೇಕು.