ರೊಟ್ಟಿಯ ಪುಟಕ್ಕೆ ಶಾಯರಿಯ ಫಾಲೋವರ್‌ಗಳು

ಕೊಪ್ಪಳದಲ್ಲಿ ನಾನು ಮತ್ತು ಅವ್ವ ಖಡಕ್ ರೊಟ್ಟಿ ಮಾಡಿ ಮಾರುತ್ತೇವೆ. ನಾಲ್ವರು ಹೆಣ್ಣುಮಕ್ಕಳು ನಮ್ಮೊಂದಿಗೆ ರೊಟ್ಟಿ ಬಡಿಯುತ್ತಾರೆ. ಜೋಳದ್ದು, ಸಜ್ಜೆಯದ್ದು ಎರಡೂ ಇವೆ. ಜೊತೆಗೆ ಶೇಂಗಾ, ಗುರೆಳ್ಳು, ಅಗಸೆ ಚಟ್ನಿಪುಡಿ. ಫೇಸ್‌ಬುಕ್, ಇನ್‌ಸ್ಟಾಗ್ರಾಂನಲ್ಲಿ ಪ್ರಚಾರ ಮಾಡಿಸಲು ಹೋಗಿ ಐದು ತಿಂಗಳಲ್ಲಿ 81,000 ರೂಪಾಯಿ ಕಳೆದುಕೊಂಡೆವು. ಮೋಸ ಮಾಡಿದ ಸಂಸ್ಥೆಯ ಹೆಸರು ಬರೆಯುವುದಿಲ್ಲ. ಆ ಹೆಸರು ಹೋದರೆ ನಾಳೆ ಇನ್ನೊಂದು ಹೆಸರಿನಲ್ಲಿ ಬರುತ್ತಾರೆ; ಮೋಸದ ರೀತಿ ಗೊತ್ತಿದ್ದರೆ ಸಾಕು.

ಗಣೇಶನ ಹಬ್ಬ ಮುಗಿದ ವಾರ ಇಬ್ಬರು ಹುಡುಗರು ಬಂದರು. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಲ್ಯಾಪ್‌ಟಾಪ್. "ಅಕ್ಕಾ, ನೀವು ರೊಟ್ಟಿ ಬಡಿಯಿರಿ, ಉಳಿದದ್ದೆಲ್ಲ ನಮಗೆ ಬಿಡಿ" ಎಂದರು. ತಿಂಗಳಿಗೆ 9,000 ಅವರ ಸಂಬಳ, ಜಾಹೀರಾತಿನ ಖರ್ಚು ಬೇರೆ, ಮೂರು ತಿಂಗಳಲ್ಲಿ 10,000 ಫಾಲೋವರ್‌ಗಳು ಖಾತ್ರಿ. ಈ 'ಖಾತ್ರಿ' ಎಂಬ ಮಾತಿಗೇ ನಾನು ಎದ್ದು ಹೋಗಬೇಕಿತ್ತು. ಎದ್ದು ಹೋಗಿ ಚಹಾ ಮಾಡಿಕೊಂಡು ಬಂದೆ.

ಎರಡು ದಿನ ಬಿಟ್ಟು 22 ಪುಟಗಳ 'ಪ್ರಚಾರ ಯೋಜನೆ' ಕಳಿಸಿದರು. ಬಣ್ಣದ ಚಿತ್ರಗಳು, ಬಾಣದ ಗುರುತುಗಳು, ಏರುತ್ತಾ ಹೋಗುವ ಗೆರೆಗಳು. ಒಂಬತ್ತನೆಯ ಪುಟದಲ್ಲಿ 'ನಿಮ್ಮ ಮದುಮಗಳ ಮೇಕಪ್ ಪ್ಯಾಕೇಜುಗಳನ್ನು ಹೀಗೆ ತೋರಿಸಬಹುದು' ಎಂದಿತ್ತು. ಯಾವುದೋ ಬ್ಯೂಟಿ ಪಾರ್ಲರಿಗೆ ಮಾಡಿದ್ದನ್ನೇ ನಮಗೂ ದಾಟಿಸಿದ್ದರು. ಕೇಳಿದರೆ "ಟೈಪ್ ಮಾಡುವಾಗ ತಪ್ಪಾಗಿದೆ ಅಕ್ಕಾ" ಎಂದರು. ನಂಬಿದೆ. ನಂಬುವ ಮನಸ್ಸಾದಾಗ ಮನುಷ್ಯನಿಗೆ ಮದುಮಗಳ ಮೇಕಪ್ಪೂ ರೊಟ್ಟಿಯ ಹಾಗೆಯೇ ಕಾಣುತ್ತದೆ.

ಆ ಇಪ್ಪತ್ತೆರಡು ಪುಟಗಳಲ್ಲಿ ಎಲ್ಲಿಯೂ ನಮ್ಮ ರೊಟ್ಟಿಯನ್ನು ಕೊಳ್ಳುವವರು ಯಾರು ಎಂಬ ಪ್ರಶ್ನೆ ಇರಲಿಲ್ಲ. ನನ್ನನ್ನು ಕೇಳಿದ್ದರೆ ಬೆರಳು ಮಡಚಿ ಹೇಳುತ್ತಿದ್ದೆ. ಮದುವೆ, ಸೀಮಂತದ ಮನೆಯವರು. ಊರಿನ ಮೂರು ಖಾನಾವಳಿಗಳು. ಬೆಂಗಳೂರಿನಲ್ಲಿರುವ ಮಗನಿಗೋ ಮಗಳಿಗೋ ರಾತ್ರಿ ಬಸ್ಸಿನಲ್ಲಿ ಡಬ್ಬ ಕಳಿಸುವ ತಾಯಂದಿರು. ಇಷ್ಟೇ. ಜಾಹೀರಾತು ಹಾಕುವಾಗ ಯಾವ ಊರು, ಅದರ ಸುತ್ತ ಎಷ್ಟು ಕಿಲೋಮೀಟರ್ ಎಂದು ಆರಿಸಿಕೊಳ್ಳುವ ಅನುಕೂಲ ಫೇಸ್‌ಬುಕ್‌ನಲ್ಲೇ ಇದೆ ಎಂಬುದು ನನಗೆ ತಿಳಿದದ್ದು ಹಣ ಹೋದ ಮೇಲೆ.

ಫೇಸ್‌ಬುಕ್‌ನಲ್ಲಿ ನಮ್ಮ ಪುಟ ಶುರುವಾಯಿತು. ಎಂಜಿನಿಯರ್‌ಗಳ ದಿನದ ಶುಭಾಶಯ, ವಿಶ್ವ ಹೃದಯ ದಿನದ ಶುಭಾಶಯ, ಎಲ್ಲದರ ಮೂಲೆಯಲ್ಲೂ ನಮ್ಮ ಲೋಗೊ. ಅವರು ಮಾಡಿದ ಒಂದೇ ಒಂದು ಒಳ್ಳೆಯ ಕೆಲಸವೆಂದರೆ ಅವ್ವ ರೊಟ್ಟಿ ಬಡಿಯುವ ವಿಡಿಯೊ: ಮುಖವಿಲ್ಲ, ಹಿಟ್ಟು ಮೆತ್ತಿದ ಎರಡು ಕೈ, ಹಸಿರು ಬಳೆ, ತಿರುಗುತ್ತಾ ತಿರುಗುತ್ತಾ ಅಗಲವಾಗುವ ರೊಟ್ಟಿ. ನಮ್ಮಲ್ಲಿ ಸಜ್ಜೆ ರೊಟ್ಟಿಗೆ ಕೈ ಬಿಡುವಿಲ್ಲದಷ್ಟು ಕೇಳಿಕೆ ಬರುವುದು ಎಳ್ಳ ಅಮಾವಾಸ್ಯೆಗೆ, ಹೊಲಕ್ಕೆ ಹೋಗಿ ಚರಗ ಚೆಲ್ಲುವ, ಎಂದರೆ ಭೂಮಿತಾಯಿಗೆ ಎಡೆ ಅರ್ಪಿಸುವ ಹಬ್ಬಕ್ಕೆ. ಅಂದು ನಮ್ಮ ಪುಟ ಖಾಲಿ. ಅಂತಹ ಒಂದು ಹಬ್ಬ ಇದೆ ಎಂಬುದೇ ಅವರ ಯೋಜನೆಯಲ್ಲಿ ಇರಲಿಲ್ಲ.

ಫಾಲೋವರ್‌ಗಳು ಮಾತ್ರ ಮೊದಲ ವಾರದಲ್ಲೇ 6,000 ದಾಟಿದ್ದರು. ಅವ್ವ ಓಣಿಯಲ್ಲೆಲ್ಲ ಹೇಳಿಕೊಂಡು ಬಂದಳು. ಆದರೆ ಯಾವ ಚಿತ್ರಕ್ಕೂ ನಾಲ್ಕೈದಕ್ಕಿಂತ ಹೆಚ್ಚು ಲೈಕ್ ಬರುತ್ತಿರಲಿಲ್ಲ, ಅವುಗಳಲ್ಲಿ ಮೂರು ನಮ್ಮ ಮನೆಯವರದ್ದೇ. ಜಾಹೀರಾತಿಗೆಂದು ಮೂರು ಕಂತಿನಲ್ಲಿ 36,000 ಕೊಟ್ಟೆ. ಅದರಲ್ಲಿ 18 ಪ್ರತಿಶತ ಜಿಎಸ್‌ಟಿಯೂ ಸೇರಿದೆ ಎಂದರು. ಕೊಟ್ಟ ಬಿಲ್ಲಿನಲ್ಲಿ ಜಿಎಸ್‌ಟಿ ಸಂಖ್ಯೆಯೇ ಇರಲಿಲ್ಲ, ನಾನೂ ನೋಡಲಿಲ್ಲ.

ಗವಿಮಠದ ಜಾತ್ರೆ ಬಂತು. ಹಳ್ಳಿಹಳ್ಳಿಗಳಿಂದ ಮಠದ ದಾಸೋಹಕ್ಕೆ ಲಕ್ಷಗಟ್ಟಲೆ ರೊಟ್ಟಿ ಬರುವ ಜಾತ್ರೆ ಅದು. ರೊಟ್ಟಿಯ ವ್ಯಾಪಾರಿಗೆ ಊರಿನಲ್ಲಿ ಅದಕ್ಕಿಂತ ದೊಡ್ಡ ಸಮಯವಿಲ್ಲ. ಆಗ ಗಂಗಾವತಿಯ ಹಿರಿಯರೊಬ್ಬರು ಜಾತ್ರೆಗೆಂದು ಬಂದವರು ವಿಳಾಸ ಕೇಳಿಕೊಂಡು ಮನೆಗೆ ಬಂದರು. "ಏನವ್ವಾ, ಮೂರು ದಿನ ಫೋನ್ ಮಾಡಿದೆವು, ಯಾರೂ ಎತ್ತಲಿಲ್ಲ. ಮಗಳ ಮದುವೆಗೆ 2,000 ರೊಟ್ಟಿ ಬೇಕಿತ್ತು, ಬೇರೆಯವರಿಗೆ ಹೇಳಿಬಿಟ್ಟೆವು" ಎಂದರು. ಯಾವ ನಂಬರಿಗೆ ಮಾಡಿದಿರಿ ಎಂದು ಕೇಳಿದರೆ ಮೊಬೈಲ್ ತೆಗೆದು ತೋರಿಸಿದರು. ನಮ್ಮ ಪುಟದ ಮೇಲೆ ಇದ್ದದ್ದು ಆ ಹುಡುಗರ ನಂಬರ್.

ಅಂದು ರಾತ್ರಿ, ಎಂಜಿನಿಯರಿಂಗ್ ಓದುವ ನನ್ನ ಅಕ್ಕನ ಮಗ ತೇರು ನೋಡಿಕೊಂಡು ಮನೆಗೆ ಬಂದ. ಊಟಕ್ಕೆ ಕುಳಿತಾಗ ಎಲ್ಲ ಹೇಳಿದೆ. "ಜಾಹೀರಾತು ಈಗ ಓಡುತ್ತಿದೆಯೇ, ಚಿಕ್ಕವ್ವಾ?" ಎಂದ. ಬೆಳಿಗ್ಗೆಯಷ್ಟೇ 'ಜಾತ್ರೆಯ ವಿಶೇಷ ಜಾಹೀರಾತು ಓಡುತ್ತಿದೆ' ಎಂದು ಸಂದೇಶ ಬಂದಿತ್ತು. ಅವನು ಎಡಗೈಯಲ್ಲೇ ಮೊಬೈಲಿನಲ್ಲಿ 'ಆಡ್ ಲೈಬ್ರರಿ' ತೆರೆದ. ಫೇಸ್‌ಬುಕ್, ಇನ್‌ಸ್ಟಾಗ್ರಾಂನ ಒಡೆಯನಾದ ಮೆಟಾ ಕಂಪನಿಯೇ ನಡೆಸುವ ಪಟ್ಟಿ ಅದು. ಯಾವ ಪುಟದಿಂದ ಈ ಹೊತ್ತಿನಲ್ಲಿ ಯಾವ ಜಾಹೀರಾತು ಓಡುತ್ತಿದೆ ಎಂದು ಯಾರು ಬೇಕಾದರೂ ನೋಡಬಹುದು, ಹಣ ಕೊಡಬೇಕಿಲ್ಲ. ನಮ್ಮ ಪುಟದ ಹೆಸರು ಹಾಕಿದ. ಒಂದೂ ಇಲ್ಲ.

ಆಮೇಲೆ ಪುಟದ ಮಾಹಿತಿಯಲ್ಲಿ 'ಪೇಜ್ ಟ್ರಾನ್ಸ್‌ಪರೆನ್ಸಿ' ಎಂಬ ಭಾಗವನ್ನು ಒತ್ತಿದ. ಪುಟ ಯಾವಾಗ ಹುಟ್ಟಿತು, ಎಷ್ಟು ಬಾರಿ ಹೆಸರು ಬದಲಾಯಿತು ಎಂಬುದು ಅಲ್ಲಿ ಕಾಣುತ್ತದೆ. ನಮ್ಮ ಪುಟ ಹುಟ್ಟಿ ಆಗಲೇ ನಾಲ್ಕು ವರ್ಷವಾಗಿತ್ತು. ಮೊದಲು ಅದು ಹಿಂದಿ ಶಾಯರಿಯ, ಎಂದರೆ ಪ್ರೀತಿ-ವಿರಹದ ಕವಿತೆಗಳ ಪುಟ. ಎಲ್ಲಿಯದೋ ವಿರಹಿಗಳ ಸಂತೆಯನ್ನು ತಂದು ನಮ್ಮ ರೊಟ್ಟಿಯ ಹೆಸರು ಅಂಟಿಸಿದ್ದರು. ಆ 6,000 ಜನ ಕಾಯುತ್ತಿದ್ದದ್ದು ಶಾಯರಿಗೆ, ಸಜ್ಜೆ ರೊಟ್ಟಿಗಲ್ಲ. ಹುಡುಗ ನಕ್ಕ. ಅವ್ವ ನಗಲಿಲ್ಲ.

ಮರುದಿನ ಲೆಕ್ಕ ಕೇಳಿದೆ. ಅಂಚು ಕತ್ತರಿಸಿದ ಎರಡು ಚಿತ್ರ ಕಳಿಸಿದರು. ಜಾಹೀರಾತಿನ ಖಾತೆಯಿಂದ ಪ್ರತಿ ಪಾವತಿಗೂ ರಸೀದಿ ಇಳಿಸಿಕೊಳ್ಳಬಹುದಲ್ಲ, ಅದನ್ನು ಕಳಿಸಿ ಎಂದೆ. ಸಂಜೆಯ ಹೊತ್ತಿಗೆ ಪುಟದಿಂದ ನನ್ನನ್ನೇ ತೆಗೆದುಹಾಕಿದ್ದರು. ಪುಟ ಅವರ ಖಾತೆಯಲ್ಲಿತ್ತು, ನಾನು ಅಲ್ಲಿ ಬಾಡಿಗೆಯವಳೂ ಅಲ್ಲ, ಅತಿಥಿ. ಕರಾರು ಪತ್ರವಿಲ್ಲ. ಪರಿಚಯದ ವಕೀಲರು ವಾಟ್ಸ್‌ಆ್ಯಪ್ ಸಂದೇಶಗಳನ್ನೂ ಹಣ ಕಳಿಸಿದ ದಾಖಲೆಗಳನ್ನೂ ಅಳಿಸಬೇಡ ಎಂದಿದ್ದಾರೆ. ಹೊಟ್ಟೆಪಾಡಿಗೆ ಸ್ವಂತ ದುಡಿಮೆ ಮಾಡುವವರನ್ನೂ 2019ರ ಗ್ರಾಹಕ ರಕ್ಷಣಾ ಕಾಯ್ದೆ ಗ್ರಾಹಕರೆಂದೇ ಪರಿಗಣಿಸುತ್ತದಂತೆ. ಅದಿನ್ನೂ ನಡೆಯುತ್ತಿದೆ.

ಈಗ ಹೊಸ ಪುಟವನ್ನು ನನ್ನದೇ ಖಾತೆಯಿಂದ, ನನ್ನದೇ ಮೊಬೈಲ್ ನಂಬರ್ ಹಾಕಿ ಮಾಡಿದ್ದೇನೆ. ಜಾಹೀರಾತಿನ ಖಾತೆಗೆ ನನ್ನ ಕಾರ್ಡ್, ರಸೀದಿ ನನ್ನ ಇಮೇಲಿಗೆ ಬರುತ್ತದೆ. ನಾಳೆ ಯಾರಿಗಾದರೂ ಕೆಲಸ ಒಪ್ಪಿಸಿದರೆ ಚಿತ್ರ ಹಾಕುವ ಅಧಿಕಾರ ಮಾತ್ರ ಕೊಡುತ್ತೇನೆ, ಅದನ್ನೂ ನಾನೇ ಹಿಂದಕ್ಕೆ ಪಡೆಯುವಂತಿರಬೇಕು. ವಾಟ್ಸ್‌ಆ್ಯಪ್ ಬಿಸಿನೆಸ್ ಆ್ಯಪ್‌ಗೆ ಹಣವಿಲ್ಲ. ಅದರ ಕ್ಯಾಟಲಾಗ್‌ನಲ್ಲಿ ಹನ್ನೊಂದು ಬಗೆಯ ಸರಕಿನ ಚಿತ್ರ, ದರ ಹಾಕಿದ್ದೇನೆ. ಬೆಂಗಳೂರಿಗೆ ಡಬ್ಬ ಕಳಿಸುವ ತಾಯಂದಿರಿಗೆ ಅದು ಸಾಕಾಗಿದೆ. ಹೊಸ ಪುಟಕ್ಕೆ ಇವತ್ತಿಗೆ 214 ಜನ. ಅರ್ಧದಷ್ಟು ಜನರ ಮನೆ ನನಗೆ ಗೊತ್ತು.

ಹಳೆಯ ಪುಟ ಹೋದ ವಾರದಿಂದ ಮೊಬೈಲ್ ಕವರ್ ಮಾರುತ್ತಿದೆ. ಹೆಸರಿನ ಇತಿಹಾಸದಲ್ಲಿ ಶಾಯರಿಯ ನಂತರ ನಮ್ಮ ರೊಟ್ಟಿಯ ಹೆಸರೂ ಸೇರಿಕೊಂಡಿದೆ. ಅವ್ವನ ವಿಡಿಯೊವನ್ನು ಮಾತ್ರ ಅವರು ತೆಗೆದಿಲ್ಲ. ಕವರ್‌ಗಳ ಕೆಳಗೆ, ಇನ್ನೂ ಕೆಳಗೆ ಹೋದರೆ, ಹಸಿರು ಬಳೆಯ ಕೈ ಈಗಲೂ ರೊಟ್ಟಿ ಬಡಿಯುತ್ತಿದೆ.