ಎಚ್‌ಡಿ ಎಡಿಟಿಂಗ್ ಕಾರ್ಡ್‌ಗಳ ಜೊತೆ 18 ವರ್ಷ: ಯಾವುದು ಬಾಳಿಕೆ ಬಂತು, ಯಾವುದು ಕೈಕೊಟ್ಟಿತು

ವಿಡಿಯೊ ಎಡಿಟಿಂಗ್‌ಗೆ ಕಂಪ್ಯೂಟರಿನೊಳಗೆ ಹಾಕುವ ಕಾರ್ಡ್ ಕೊಳ್ಳಬೇಕೆಂದು ನನ್ನ ಬಳಿ ಬರುವವರೆಲ್ಲ "ಯಾವುದು ಜೋರಾಗಿದೆ?" ಎಂದೇ ಮಾತು ಶುರು ಮಾಡುತ್ತಾರೆ. "ನಿಮ್ಮ ಕ್ಯಾಮೆರಾ ಯಾವ ಕೋಡೆಕ್‌ನಲ್ಲಿ ರೆಕಾರ್ಡ್ ಮಾಡುತ್ತದೆ?" ಎಂದು ನಾನು ತಿರುಗಿ ಕೇಳುತ್ತೇನೆ. ಕೋಡೆಕ್ ಅಂದರೆ ವಿಡಿಯೊವನ್ನು ಕುಗ್ಗಿಸಿ ಕಟ್ಟುವ, ಮತ್ತೆ ಬಿಚ್ಚುವ ವಿಧಾನ. ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. 2007ರಲ್ಲಿ ನನಗೂ ಗೊತ್ತಿರಲಿಲ್ಲ. ಅಲ್ಲಿಂದ ಇಲ್ಲಿಯವರೆಗೆ ನಾಲ್ಕು ಕಾರ್ಡ್‌ಗಳನ್ನು ಹಾಕಿ, ದಿನಾ ಅವುಗಳ ಮೇಲೆ ದುಡಿದು ಕಂಡದ್ದನ್ನು ಬರೆಯುತ್ತಿದ್ದೇನೆ. ಒಂದು ವಾರ ಬಳಸಿ ಬರೆದ ವಿಮರ್ಶೆಯಲ್ಲಿ ಇವು ಸಿಗುವುದಿಲ್ಲ.

ಮೊದಲನೆಯದು ಎಚ್‌ಡಿವಿಗೆಂದೇ (ಟೇಪಿನಲ್ಲಿ ಎಚ್‌ಡಿ ಚಿತ್ರ ಹಿಡಿಯುವ ಪದ್ಧತಿ) ಮಾಡಿದ್ದ, ಕಾಯಿಸದೆ ಆಗಿಂದಾಗಲೇ ಚಿತ್ರ ಓಡಿಸುವ ರಿಯಲ್‌ಟೈಮ್ ಕಾರ್ಡ್. ಅದಕ್ಕೂ ಹಿಂದಿನ ಡಿವಿ ಟೇಪಿನಲ್ಲಿ ಪ್ರತಿ ಫ್ರೇಮೂ ತನ್ನಷ್ಟಕ್ಕೆ ತಾನೇ ಪೂರ್ಣ ಚಿತ್ರ. ಎಚ್‌ಡಿವಿ ಬಂದಾಗ ಅದೇ ಟೇಪಿಗೆ, ಅದೇ ಸೆಕೆಂಡಿಗೆ 25 ಮೆಗಾಬಿಟ್ ದರದಲ್ಲಿ, 1440×1080 ಅಳತೆಯ ಚಿತ್ರ ಹಿಡಿಸಬೇಕಾಯಿತು. ಅದಕ್ಕೆ ಎಂಪೆಗ್-2ರ ಗುಂಪು ಪದ್ಧತಿ ಬಳಸಿದರು: 50ಐ ಫೂಟೇಜಿನಲ್ಲಿ (ಸೆಕೆಂಡಿಗೆ 50 ಅರ್ಧಚಿತ್ರ, ಅಂದರೆ 25 ಫ್ರೇಮ್) 12 ಫ್ರೇಮ್‌ಗಳ ಗುಂಪಿಗೆ ಒಂದೇ ಪೂರ್ಣ ಚಿತ್ರ, ಮಿಕ್ಕ 11ರಲ್ಲಿ ಅಕ್ಕಪಕ್ಕದ ಫ್ರೇಮಿಗಿಂತ ಏನು ಬದಲಾಯಿತು ಎಂಬ ಲೆಕ್ಕ ಮಾತ್ರ. ಗುಂಪಿನ ನಡುವೆ ಕಟ್ ಹಾಕಿದರೆ, ಆ ಒಂದು ಫ್ರೇಮ್ ತೋರಿಸಲು ಪ್ರೊಸೆಸರ್ ಹಿಂದಿನ ಪೂರ್ಣ ಚಿತ್ರದಿಂದ ಬಿಚ್ಚಿಕೊಂಡು ಬರಬೇಕು. ಎರಡು ಕ್ಲಿಪ್ ನಡುವೆ ಡಿಸಾಲ್ವ್ (ಒಂದು ಚಿತ್ರ ಕರಗಿ ಇನ್ನೊಂದು ಮೂಡುವುದು) ಹಾಕಿದರೆ ಈ ಕೆಲಸ ಇಮ್ಮಡಿ. ನನ್ನ ಆಗಿನ ಕಂಪ್ಯೂಟರ್ ಅಲ್ಲಿಗೇ ನಿಂತುಬಿಡುತ್ತಿತ್ತು. ಕ್ಲಿಪ್‌ಗಳನ್ನು ಸಾಲಾಗಿ ಜೋಡಿಸುವ ಟೈಮ್‌ಲೈನ್ ಮೇಲೆ ಇನ್ನೂ ಲೆಕ್ಕ ಬಾಕಿ ಎನ್ನುವ ಕೆಂಪು ಗೆರೆ, ಆ ಲೆಕ್ಕ ಮುಗಿಸುವ ರೆಂಡರ್ ಒತ್ತಿ ಕಾಯುವುದು, ಬದಲಾವಣೆ ಮಾಡಿ ಮತ್ತೆ ಕಾಯುವುದು.

ಕಾರ್ಡ್ ಹಾಕಿದ ದಿನ ಆ ಕೆಂಪು ಗೆರೆ ಹೋಯಿತು. ಡಿಸಾಲ್ವ್, ಟೈಟಲ್, ಕಲರ್ ತಿದ್ದುಪಡಿ ಮೂರೂ ಸೇರಿದ ಜಾಗದಲ್ಲಿ ಪ್ಲೇ ಒತ್ತಿದೆ, ಒಂದೂ ಫ್ರೇಮ್ ಬಿಡದೆ ಓಡಿತು. ಆ ಸಂತೋಷ ಈಗಲೂ ನೆನಪಿದೆ. ಮೂರು ವರ್ಷ ಆ ಕಾರ್ಡ್ ನನಗೆ ಅನ್ನ ಹಾಕಿತು, ಅದರಲ್ಲಿ ಎರಡು ಮಾತಿಲ್ಲ.

ಆದರೆ ಅದು ಒಂದೇ ಸಾಫ್ಟ್‌ವೇರಿನ ಒಂದೇ ಆವೃತ್ತಿಗೆ ಕಟ್ಟಿಹಾಕಿದ ಕಾರ್ಡ್. ಸಾಫ್ಟ್‌ವೇರ್ ಅಪ್‌ಡೇಟ್ ಬಂದರೆ ಕಾರ್ಡನ್ನು ಅದರ ಜೊತೆ ನಡೆಸುವ ಡ್ರೈವರ್ ಬರುವವರೆಗೂ ತಿಂಗಳುಗಟ್ಟಲೆ ಕಾಯಬೇಕು. 64-ಬಿಟ್ ಕಾಲ ಬಂದಾಗ ನನ್ನ ಮಾಡೆಲ್‌ಗೆ ಡ್ರೈವರ್ ಬರಲೇ ಇಲ್ಲ. ಕಾರ್ಡ್ ಕೆಟ್ಟಿರಲಿಲ್ಲ, ಫ್ಯಾನ್ ಸದ್ದೂ ಬದಲಾಗಿರಲಿಲ್ಲ, ಆದರೂ ಅದರ ಕೆಲಸ ಮುಗಿದಿತ್ತು. ಇದಕ್ಕಿಂತ ನೋವು ಕೊಟ್ಟದ್ದು ಇನ್ನೊಂದು. ಕ್ಯಾಪ್ಚರ್ ಮಾಡಿದ್ದ ಫೈಲ್‌ಗಳೆಲ್ಲ ಆ ಕಂಪನಿಯ ಸ್ವಂತ ಕೋಡೆಕ್‌ನಲ್ಲಿದ್ದವು. ಹೊಸ ಯಂತ್ರದಲ್ಲಿ ತೆರೆದರೆ ಸದ್ದು ಕೇಳುತ್ತದೆ, ಚಿತ್ರ ಕಪ್ಪು. ಹಳೆಯ ಕೆಲಸ ತೆಗೆಯಲೆಂದೇ ಹಳೆಯ ಕಂಪ್ಯೂಟರನ್ನು ವರ್ಷಗಟ್ಟಲೆ ಮೂಲೆಯಲ್ಲಿ ಇಟ್ಟುಕೊಂಡು, ಒಂದೊಂದೇ ಪ್ರಾಜೆಕ್ಟ್ ತೆರೆದು, ಎಲ್ಲೆಡೆ ಓಡುವ ಫಾರ್ಮ್ಯಾಟಿಗೆ ಬದಲಿಸಿ ಉಳಿಸಿಕೊಂಡೆ. ಅಂದಿನಿಂದ ಕಾರ್ಡ್ ಯಾವುದೇ ಇರಲಿ, ಅದು ಬರೆಯುವ ಫೈಲನ್ನು ಆ ಕಾರ್ಡ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದು ನೋಡದೆ ನಾನು ದುಡ್ಡು ಕೊಡುವುದಿಲ್ಲ.

2010ರಲ್ಲಿ ಅಡೋಬಿಯ ಎಡಿಟಿಂಗ್ ಸಾಫ್ಟ್‌ವೇರ್ ಪ್ರೀಮಿಯರ್ ಪ್ರೊ ಸಿಎಸ್5 ಬಂತು. ಅದು 64-ಬಿಟ್‌ನಲ್ಲಿ ಮಾತ್ರ ಓಡುತ್ತಿತ್ತು, ಜೊತೆಗೆ ಎನ್ವಿಡಿಯಾ ಗ್ರಾಫಿಕ್ಸ್ ಕಾರ್ಡ್‌ಗಳಲ್ಲಿ ಲೆಕ್ಕ ಮಾಡಿಸುವ 'ಕೂಡಾ' (CUDA) ತಂತ್ರವನ್ನು ಬಳಸುವ ಮರ್ಕ್ಯುರಿ ಎಂಜಿನ್ ಇತ್ತು. ವಿಶೇಷ ಕಾರ್ಡ್ ಬೇಡ, ಸಾಮಾನ್ಯ ಗ್ರಾಫಿಕ್ಸ್ ಕಾರ್ಡ್ ಸಾಕು ಎಂಬ ಕಾಲ ಅಲ್ಲಿಂದ ಶುರುವಾಯಿತು. ಮೊದಮೊದಲು ಬೆಂಬಲವಿದ್ದದ್ದು ಬೆರಳೆಣಿಕೆಯ ಕಾರ್ಡ್‌ಗಳಿಗೆ. ಆ ಹೆಸರುಗಳು ಒಂದು ಸಣ್ಣ ಟೆಕ್ಸ್ಟ್ ಫೈಲಿನಲ್ಲಿ ಇರುತ್ತಿದ್ದವು. ಅದರ ಕೊನೆಗೆ ನಮ್ಮ ಕಾರ್ಡಿನ ಹೆಸರು ಟೈಪ್ ಮಾಡಿ ಸೇವ್ ಮಾಡಿದರೆ ಅದೂ ಕೆಲಸ ಮಾಡುತ್ತಿತ್ತು! 2011ರಲ್ಲಿ ನಾನು ಕೊಂಡ ಗೇಮಿಂಗ್ ಕಾರ್ಡನ್ನು ಹೀಗೆಯೇ ನಡೆಸಿದೆ.

ಅದರ ಮಿತಿ ಗೊತ್ತಾದದ್ದು ಮೂರು ಕ್ಯಾಮೆರಾದಲ್ಲಿ ಚಿತ್ರೀಕರಿಸಿದ ಒಂದು ವೇದಿಕೆ ಕಾರ್ಯಕ್ರಮದ ಕೆಲಸದಲ್ಲಿ. ಮೂರೂ ಎವಿಸಿಎಚ್‌ಡಿ ಫೈಲ್, ಅಂದರೆ ಎಚ್.264 ಕೋಡೆಕ್‌ನಲ್ಲಿ ಬಿಗಿಯಾಗಿ ಕುಗ್ಗಿಸಿದ್ದು. ಒಂದು ಕ್ಲಿಪ್‌ಗೆ ಐದು ಎಫೆಕ್ಟ್ ಹಾಕಿದರೂ ನಿರಾಳವಾಗಿ ಓಡುತ್ತಿದ್ದ ಯಂತ್ರ, ಎಫೆಕ್ಟ್ ಒಂದೂ ಇಲ್ಲದ ಮೂರು ಕ್ಲಿಪ್‌ಗಳನ್ನು ಒಟ್ಟಿಗೆ ಓಡಿಸಲು ತಡವರಿಸಿತು. ಕಾರಣ ಅರ್ಥವಾಗಲು ಒಂದು ರಾತ್ರಿ ಹಿಡಿಯಿತು. ಕಂಪ್ಯೂಟರ್ ಮಾಡುವುದು ಮೂರು ಬೇರೆ ಬೇರೆ ಕೆಲಸ: ಕ್ಯಾಮೆರಾದ ಫೈಲನ್ನು ಬಿಚ್ಚುವ ಡಿಕೋಡ್, ಬಣ್ಣ ಅಳತೆ ಎಫೆಕ್ಟ್‌ಗಳ ಲೆಕ್ಕ, ಕೊನೆಗೆ ಮತ್ತೆ ಕಟ್ಟುವ ಎನ್‌ಕೋಡ್. ಅಂದಿನ 'ಕೂಡಾ' ಮಾಡುತ್ತಿದ್ದದ್ದು ನಡುವಿನ ಕೆಲಸ ಮಾತ್ರ. ಬಿಚ್ಚುವ ಭಾರ ಪೂರ್ತಿ ಪ್ರೊಸೆಸರ್ ಮೇಲಿತ್ತು. "ಹಾರ್ಡ್‌ವೇರ್ ಆಕ್ಸಲರೇಷನ್ ಇದೆ" ಎಂದು ಪೆಟ್ಟಿಗೆಯ ಮೇಲೆ ಬರೆದಿದ್ದರೆ, ಈ ಮೂರರಲ್ಲಿ ಯಾವುದಕ್ಕೆ ಎಂದು ಕೇಳಲೇಬೇಕು.

ಡಿಕೋಡ್‌ಗೆ ಚಿಪ್‌ನೊಳಗೆ ಪ್ರತ್ಯೇಕ ಭಾಗ ಮೊದಲೇ ಇತ್ತು, ಎನ್‌ಕೋಡ್‌ಗೂ ಪ್ರತ್ಯೇಕ ಭಾಗ ಬಂದದ್ದು ಇದೇ ಆಸುಪಾಸಿನಲ್ಲಿ. ಇಂಟೆಲ್‌ನ ಕ್ವಿಕ್ ಸಿಂಕ್ 2011ರಲ್ಲಿ, ಎನ್ವಿಡಿಯಾದ ಎನ್‌ವಿಎನ್‌ಸಿ 2012ರಲ್ಲಿ. ಈ ಭಾಗಗಳಿಗೂ ಕಾರ್ಡಿನ ಗೇಮಿಂಗ್ ಶಕ್ತಿಗೂ ನೇರ ಸಂಬಂಧವಿಲ್ಲ. ಒಂದೇ ತಲೆಮಾರಿನ ದೊಡ್ಡ ಕಾರ್ಡೂ ಸಣ್ಣ ಕಾರ್ಡೂ ಒಂದೇ ಬಗೆಯ ಡಿಕೋಡರ್ ಹೊತ್ತು ಬರುವುದು ಸಾಮಾನ್ಯ.

ಇಷ್ಟು ತಿಳಿದ ಮೇಲೂ 2021ರಲ್ಲಿ ಎಡವಿದೆ. ಹೊಸ ಕ್ಯಾಮೆರಾ 10-ಬಿಟ್ 4:2:2 ಬಣ್ಣದಲ್ಲಿ, ಎಚ್.264ರ ನಂತರದ ಕೋಡೆಕ್ ಆದ ಎಚ್‌ಇವಿಸಿ ಫೈಲ್ ಬರೆಯುತ್ತಿತ್ತು. 4:2:2 ಅಂದರೆ ಸಾಮಾನ್ಯ 4:2:0ಗಿಂತ ಹೆಚ್ಚು ಬಣ್ಣದ ವಿವರ ಉಳಿಸುವ ಬಗೆ. ಅದಕ್ಕೆಂದು ಆಗಿನ ದೊಡ್ಡ ಗ್ರಾಫಿಕ್ಸ್ ಕಾರ್ಡನ್ನೇ ತಂದೆ. ಟೈಮ್‌ಲೈನ್‌ಗೆ ಕ್ಲಿಪ್ ಎಳೆದು ಪ್ಲೇ ಒತ್ತಿದರೆ ಎರಡು ಸೆಕೆಂಡಿಗೊಮ್ಮೆ ಚಿತ್ರ ಹಾರುತ್ತದೆ. ಯಾವ ಭಾಗ ಎಷ್ಟು ದುಡಿಯುತ್ತಿದೆ ಎಂದು ತೋರಿಸುವ ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ತೆರೆದು ಜಿಪಿಯು (ಗ್ರಾಫಿಕ್ಸ್ ಚಿಪ್) ಪುಟದಲ್ಲಿ "ವಿಡಿಯೊ ಡಿಕೋಡ್" ಗ್ರಾಫ್ ನೋಡಿದೆ. ಸೊನ್ನೆಯ ಮೇಲೆ ಗೆರೆ ಎಳೆದ ಹಾಗೆ ಚಪ್ಪಟೆ. ಪಕ್ಕದಲ್ಲಿ ಪ್ರೊಸೆಸರ್ ನೂರಕ್ಕೆ ನೂರು. ಅದೇ ಕಾರ್ಡಿಗೆ 4:2:0ರ ಹಳೆಯ ಕ್ಲಿಪ್ ಕೊಟ್ಟೆ, ಗೆರೆ ಥಟ್ಟನೆ ಮೇಲೆದ್ದಿತು. ಆ ತಲೆಮಾರಿನ ಎನ್ವಿಡಿಯಾ ಕಾರ್ಡ್‌ಗಳ ಡಿಕೋಡರ್‌ಗೆ 4:2:2 ಬರುವುದಿಲ್ಲ. ಅದು ಸೇರಿದ್ದು 2025ರ ಆರ್‌ಟಿಎಕ್ಸ್ 50 ಸಾಲಿನಲ್ಲಿ.

ಪರಿಹಾರ ಸಿಕ್ಕಿದ್ದು ಪ್ರೊಸೆಸರ್‌ನಲ್ಲಿ. ಇಂಟೆಲ್ 12ನೇ ತಲೆಮಾರಿನ ಪ್ರೊಸೆಸರ್‌ಗೆ ಬದಲಾದಾಗ, ಅದರೊಳಗಿನ ಪುಟ್ಟ ಗ್ರಾಫಿಕ್ಸ್ ಭಾಗ ಆ ಎಚ್‌ಇವಿಸಿ 4:2:2 ಕ್ಲಿಪ್‌ಗಳನ್ನು ಸಲೀಸಾಗಿ ಬಿಚ್ಚಿತು. ಎಫೆಕ್ಟ್ ಕೆಲಸ ದೊಡ್ಡ ಕಾರ್ಡ್ ಮಾಡುತ್ತದೆ, ಡಿಕೋಡ್ ಇದು ಮಾಡುತ್ತದೆ, ಎರಡೂ ಹೊಂದಿಕೊಂಡು ನಡೆಯುತ್ತಿವೆ. ಇಂಟೆಲ್ ಪ್ರೊಸೆಸರ್ ಹೆಸರಿನ ಕೊನೆಯಲ್ಲಿ "ಎಫ್" ಅಕ್ಷರ ಇದ್ದರೆ ಈ ಗ್ರಾಫಿಕ್ಸ್ ಭಾಗ ಅದರಲ್ಲಿ ಇರುವುದಿಲ್ಲ. ದೊಡ್ಡ ಕಾರ್ಡ್ ಇದೆಯಲ್ಲ ಎಂದು "ಎಫ್" ಮಾಡೆಲ್ ತೆಗೆದುಕೊಂಡು ಈ ದಾರಿಯನ್ನೇ ಮುಚ್ಚಿಕೊಂಡವರನ್ನು ನಾನು ನೋಡಿದ್ದೇನೆ.

ಹಾಗಾದರೆ ದೊಡ್ಡ ಕಾರ್ಡ್ ದಂಡವೇ? ಖಂಡಿತ ಅಲ್ಲ. ಕಲರ್ ಗ್ರೇಡಿಂಗ್, ನಾಯ್ಸ್ ತೆಗೆಯುವುದು, ಸ್ಟೆಬಿಲೈಸ್ ಮಾಡುವುದು ಹೆಚ್ಚಿರುವವರಿಗೆ ಅದರ ಮೆಮೊರಿಯೇ ಪ್ರಾಣ. 3840×2160ರ ಒಂದು ಫ್ರೇಮನ್ನು 32-ಬಿಟ್ ಫ್ಲೋಟ್‌ನಲ್ಲಿ (ಎಫೆಕ್ಟ್ ಲೆಕ್ಕಕ್ಕೆ ಬಳಸುವ ನಿಖರ ಸಂಖ್ಯೆಗಳು) ಕೆಂಪು, ಹಸಿರು, ನೀಲಿ, ಪಾರದರ್ಶಕತೆ ಎಂದು ನಾಲ್ಕು ಚಾನೆಲ್ ಇಟ್ಟರೆ ಸುಮಾರು 133 ಮೆಗಾಬೈಟ್. ಫುಲ್ ಎಚ್‌ಡಿ ಆದರೆ ಅದರ ಕಾಲು ಭಾಗ. ನಾಯ್ಸ್ ತೆಗೆಯುವ ಎಫೆಕ್ಟ್ ಹಿಂದುಮುಂದಿನ ಫ್ರೇಮ್‌ಗಳನ್ನೂ ಒಟ್ಟಿಗೆ ಹಿಡಿದಿಟ್ಟುಕೊಳ್ಳುತ್ತದೆ, ಅದರ ಮೇಲೆ ಇನ್ನೆರಡು ಲೇಯರ್ ಬಂದರೆ ಗಿಗಾಬೈಟ್‌ಗಳು ನೀರಿನಂತೆ ಖರ್ಚಾಗುತ್ತವೆ. ಮೆಮೊರಿ ಸಾಲದಿದ್ದರೆ ಕೆಲಸ ನಿಧಾನವಾಗುವುದಷ್ಟೇ ಅಲ್ಲ, ರೆಂಡರ್ ಅರ್ಧದಲ್ಲೇ ನಿಲ್ಲಲೂಬಹುದು. ಫುಲ್ ಎಚ್‌ಡಿಯಲ್ಲೇ ಇರುವವರಿಗೆ 8 ಗಿಗಾಬೈಟ್‌ನಲ್ಲಿ ನನ್ನ ಅನುಭವದಲ್ಲಿ ಎಂದೂ ತೊಂದರೆಯಾಗಿಲ್ಲ.

ಎನ್‌ಕೋಡ್ ಬಗ್ಗೆಯೂ ಒಂದು ಮಾತು. ಕಾರ್ಡಿನಲ್ಲಿ ಎಕ್ಸ್‌ಪೋರ್ಟ್ ಎಷ್ಟೋ ಪಟ್ಟು ಬೇಗ ಮುಗಿಯುತ್ತದೆ, ಗ್ರಾಹಕರಿಗೆ ನೋಡಲು ಕಳಿಸುವ ಪ್ರತಿಗಳನ್ನೆಲ್ಲ ನಾನು ಹಾಗೆಯೇ ತೆಗೆಯುತ್ತೇನೆ. ಕಡಿಮೆ ಬಿಟ್‌ರೇಟ್‌ನಲ್ಲಿ (ಸೆಕೆಂಡಿಗೆ ಕಡಿಮೆ ಡೇಟಾ) ಮಾತ್ರ ಎಚ್ಚರ ಬೇಕು. ಮಳೆ, ಅಲುಗಾಡುವ ಎಲೆ, ಹೊಗೆ ಇರುವ ಶಾಟ್ ಅನ್ನು ಎರಡೂ ರೀತಿ ತೆಗೆದು ದೊಡ್ಡ ಪರದೆಯಲ್ಲಿ ನಿಲ್ಲಿಸಿ ನೋಡಿ: ಹಾರ್ಡ್‌ವೇರ್ ಪ್ರತಿಯಲ್ಲಿ ಎಲೆಗಳ ಅಂಚು ಕಲಸಿಹೋಗಿ ಚೌಕ ಚೌಕ ಕಾಣುತ್ತದೆ. ಅಂತಿಮ ಪ್ರತಿಯನ್ನು ನಾನು ಇಂದಿಗೂ ಪ್ರೊಸೆಸರ್‌ನಲ್ಲಿ ಟು-ಪಾಸ್ (ಎರಡು ಸುತ್ತಿನ ಎನ್‌ಕೋಡ್) ಹಾಕಿ ರಾತ್ರಿಯಿಡೀ ಓಡಲು ಬಿಡುತ್ತೇನೆ.

ನಾಲ್ಕನೆಯ ಕಾರ್ಡ್‌ಗೆ ಆಕ್ಸಲರೇಷನ್ ಎಂಬುದೇ ಇಲ್ಲ. ಬ್ಲ್ಯಾಕ್‌ಮ್ಯಾಜಿಕ್‌ನ ಡೆಕ್‌ಲಿಂಕ್, ಎಜೆಎಯ ಕೋನಾ ಜಾತಿಯ ಕಾರ್ಡ್ ಅದು. ಟೈಮ್‌ಲೈನ್‌ನ ಚಿತ್ರವನ್ನು ಶುದ್ಧ ವಿಡಿಯೊ ಸಿಗ್ನಲ್ ಆಗಿ ಮಾನಿಟರ್‌ಗೆ ಕಳಿಸುವುದು ನನ್ನಲ್ಲಿ ಅದರ ಕೆಲಸ. ಇದನ್ನು ಹಾಕಿದರೆ ರೆಂಡರ್ ಬೇಗವಾಗುತ್ತದೆ ಎಂದುಕೊಂಡು ಕೊಂಡು ನಿರಾಶರಾದವರು ಬಹಳ. ಅದು ವೇಗ ಕೊಡುವುದಿಲ್ಲ, ಸತ್ಯ ತೋರಿಸುತ್ತದೆ. ಒಮ್ಮೆ ಇಂಟರ್‌ಲೇಸ್ಡ್ (ಒಂದು ಫ್ರೇಮ್ ಎರಡು ಅರ್ಧಚಿತ್ರಗಳಾಗಿ ಬರುವ) ಕೆಲಸದಲ್ಲಿ ಆ ಅರ್ಧಗಳು ಬರುವ ಕ್ರಮ, ಅಂದರೆ ಫೀಲ್ಡ್ ಆರ್ಡರ್, ತಲೆಕೆಳಗಾಗಿತ್ತು. ಕಂಪ್ಯೂಟರ್ ಪರದೆಯಲ್ಲಿ ಏನೂ ಗೊತ್ತಾಗಲಿಲ್ಲ. ಈ ಕಾರ್ಡಿಗೆ ಹಾಕಿದ್ದ ಟಿವಿಯಲ್ಲಿ ನಡೆದು ಬರುವ ವ್ಯಕ್ತಿಯ ಕೈ ಹಿಂದೆ ಮುಂದೆ ನಡುಗುವುದು ಕಂಡಿತು. ಪ್ರಸಾರಕ್ಕೆ ಹೋಗುವ ಮೊದಲೇ ತಿದ್ದಿದೆ. ಮೂರು ಕಂಪ್ಯೂಟರ್ ಬದಲಾದರೂ ಇದು ಸ್ಲಾಟ್‌ನಿಂದ ಸ್ಲಾಟ್‌ಗೆ ಬಂದಿದೆ, ಡ್ರೈವರ್ ಈಗಲೂ ಬರುತ್ತಿದೆ. ಇವುಗಳಲ್ಲಿ ನನಗೆ ತೀರಾ ಪ್ರಿಯವಾದ ಕಾರ್ಡ್ ಇದೇ.

ಒಂದೇ ಕೋಡೆಕ್‌ಗೆ ಮೀಸಲಾದ ಕಾರ್ಡ್ ಕೊಳ್ಳುವವರು ಆಪಲ್‌ನ ಆಫ್ಟರ್‌ಬರ್ನರ್ ಕಥೆ ನೆನಪಿಟ್ಟುಕೊಳ್ಳಿ. 2019ರ ಮ್ಯಾಕ್ ಪ್ರೊಗೆ ಬಂದ ಆ ಕಾರ್ಡ್ ಆಪಲ್‌ನದೇ ಪ್ರೊರೆಸ್ ಕೋಡೆಕ್ ಬಿಚ್ಚುವುದಕ್ಕೆಂದೇ ಇತ್ತು, ಕೆಲಸವನ್ನೂ ಚೆನ್ನಾಗಿ ಮಾಡುತ್ತಿತ್ತು. 2021ರಲ್ಲಿ ಎಂ1 ಪ್ರೊ ಚಿಪ್‌ನೊಳಗೇ ಪ್ರೊರೆಸ್ ಎಂಜಿನ್ ಬಂತು. 2023ರ ಮ್ಯಾಕ್ ಪ್ರೊ ಬಿಡುಗಡೆಯಾದಾಗ ಏಳು ಆಫ್ಟರ್‌ಬರ್ನರ್‌ಗಳಷ್ಟು ಶಕ್ತಿ ಅದರ ಒಳಗೇ ಇದೆ ಎಂದು ಆಪಲ್ ಹೇಳಿಕೊಂಡಿತು.

ಈಗ ಯಾರಾದರೂ ಕಾರ್ಡ್ ಕೊಳ್ಳಲು ಹೊರಟರೆ ನಾನು ಅವರ ಕೈಗೆ ಅವರದೇ ಕ್ಯಾಮೆರಾದ ಮೆಮೊರಿ ಕಾರ್ಡ್ ಕೊಟ್ಟು ಕಳಿಸುತ್ತೇನೆ. ಕೊಳ್ಳಬೇಕೆಂದಿರುವ ಗ್ರಾಫಿಕ್ಸ್ ಕಾರ್ಡ್ ಇರುವ ಯಾವುದಾದರೂ ಯಂತ್ರದಲ್ಲಿ ನಿಮ್ಮ ಕ್ಲಿಪ್ ಮೂರನ್ನು ಒಂದರ ಮೇಲೊಂದು ಇಡಿ, ಟಾಸ್ಕ್ ಮ್ಯಾನೇಜರ್ ಪಕ್ಕದಲ್ಲಿ ತೆರೆದಿರಲಿ. ಮುಂದಕ್ಕೆ ಪ್ಲೇ ಮಾಡಿದರೆ ಸಾಲದು, ಜೆ ಕೀ ಒತ್ತಿ ಹಿಂದಕ್ಕೆ ಓಡಿಸಿ. ಗುಂಪು ಗುಂಪಾಗಿ ಕಟ್ಟಿದ ಫ್ರೇಮ್‌ಗಳನ್ನು ಹಿಂದುಮುಂದಾಗಿ ಬಿಚ್ಚುವುದೇ ಡಿಕೋಡರ್‌ಗೆ ಅತಿ ಕಷ್ಟದ ಕೆಲಸ. ಅಲ್ಲಿ ಚಿತ್ರ ಹಾರದೆ, ಡಿಕೋಡ್ ಗ್ರಾಫ್ ಮೇಲೆದ್ದು, ಪ್ರೊಸೆಸರ್ ತಣ್ಣಗಿದ್ದರೆ ಆ ಕಾರ್ಡ್ ತೆಗೆದುಕೊಳ್ಳಿ.