ಕರಬೂಜದ ಬಳ್ಳಿ ಹೂ ಬಿಟ್ಟಾಗ ಬೆಳಿಗ್ಗೆ ಕೀಟನಾಶಕ ಹೊಡೆಯಬೇಡಿ

ಹಿತ್ತಲಲ್ಲಿ ಕರಬೂಜ ಹಾಕಿದವರು ದಯವಿಟ್ಟು ಇದನ್ನು ಓದಿ. ನಾನು ಮಾಡಿದ ತಪ್ಪು ನೀವು ಮಾಡಬೇಡಿ.

ನಮ್ಮ ಮನೆ ವಿಜಯಪುರದಲ್ಲಿ. ಸಿದ್ಧೇಶ್ವರ ಜಾತ್ರೆ ಮುಗಿದ ವಾರ ಆರು ಗುಣಿಗೆ ಬೀಜ ಊರಿದ್ದೆ. ನಮ್ಮ ಎರೆ ಮಣ್ಣಿನಲ್ಲಿ ನೀರು ನಿಲ್ಲುತ್ತದೆ ಅಂತ ಮಡಿ ಎತ್ತರ ಮಾಡಿ, ಹಳೇ ತಿಪ್ಪೆಗೊಬ್ಬರ ಹಾಕಿದ್ದೆ. ಬಳ್ಳಿ ಚೆನ್ನಾಗಿ ಹಬ್ಬಿತು. ಮೊದಲು ಗಂಡು ಹೂ ಬಂದವು, ಆಮೇಲೆ ಹೆಣ್ಣು ಹೂ. ಹೆಣ್ಣು ಹೂವಿನ ಎಸಳಿನ ಕೆಳಗೆ ನವಿರು ರೋಮದ ಪುಟ್ಟ ಕಾಯಿ ಇರುತ್ತದೆ. ಅವನ್ನು ಅವ್ವ ದಿನಾ ಎಣಿಸುತ್ತಿದ್ದಳು.

ಅಷ್ಟರಲ್ಲಿ ಎಲೆಯಡಿ ಹೇನು, ಅಂದರೆ ಗಿಡದ ರಸ ಹೀರುವ ಪುಟ್ಟ ಹುಳಗಳು, ಕಂಡವು. ಔಷಧದ ಅಂಗಡಿಗೆ ಹೋದೆ. "ಇದನ್ನ ಹೊಡೀರಿ, ಎರಡು ದಿನದಾಗ ಎಲ್ಲಾ ಹೋಗ್ತಾವ" ಅಂತ ಇಮಿಡಾಕ್ಲೋಪ್ರಿಡ್ ಅನ್ನುವ ಕೀಟನಾಶಕ ಕೊಟ್ಟರು. ಹೂ ಬಿಟ್ಟಿದೆಯಾ ಅಂತ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಬಿಸಿಲು ಏರುವ ಮುಂಚೆ ಮುಗಿಸೋಣ ಅಂತ ಬೆಳಿಗ್ಗೆ 8 ಗಂಟೆಗೇ ಹೊಡೆದೆ.

ಹೂ ಅರಳಿ ಜೇನು ಬರುವುದೂ ಅದೇ ಹೊತ್ತಿಗೆ. ಮಧ್ಯಾಹ್ನ ನೋಡಿದರೆ ಒಂದು ಹಳದಿ ಹೂವಿನೊಳಗೆ ಜೇನುಹುಳ ಅಂಗಾತ ಬಿದ್ದು ಕಾಲು ಆಡಿಸುತ್ತಿತ್ತು. ಕಾಲಿಗೆ ಪರಾಗ ಹಾಗೇ ಅಂಟಿತ್ತು. ಬಳ್ಳಿಯ ಕೆಳಗೆ ಇನ್ನೂ ಏಳು ಸತ್ತು ಬಿದ್ದಿದ್ದವು. ಮರುದಿನದಿಂದ ಹಿತ್ತಲಲ್ಲಿ ಗುಂಯ್ ಅನ್ನುವ ಸದ್ದೇ ಇಲ್ಲ. ಹೆಣ್ಣು ಹೂ ಅರಳಿರುವುದು ಒಂದೇ ದಿನ. ಆ ದಿನ ಪರಾಗ ಸಿಗದಿದ್ದರೆ ಕಾಯಿ ಹಳದಿಯಾಗಿ ಉದುರುತ್ತದೆ. ಒಂದು ವಾರದಲ್ಲಿ 23 ಉದುರಿದವು. ಅವ್ವ ಎಣಿಸುವುದನ್ನೇ ಬಿಟ್ಟಳು.

ಹೇನು ಸತ್ತವು, ನಿಜ. ಆದರೆ ಈ ಔಷಧ ಗಿಡದ ರಸದಲ್ಲೇ ಸೇರಿಕೊಳ್ಳುತ್ತದೆ, ಪರಾಗ, ಮಕರಂದಕ್ಕೂ ಹೋಗುತ್ತದೆ. ಸುಮ್ನೆ ನೀರಲ್ಲಿ ತೊಳೆದರೆ ಹೋಗುವುದಲ್ಲ. ಐರೋಪ್ಯ ಒಕ್ಕೂಟ 2018ರಲ್ಲಿ ಬಯಲಿನ ಬೆಳೆಗಳಿಗೆ ಇದನ್ನು ನಿಷೇಧಿಸಿದ್ದು ಜೇನಿನ ಕಾರಣಕ್ಕೇ. ಡಬ್ಬಿಯ ಮೇಲಿದ್ದ ಹಳದಿ ತ್ರಿಕೋನ ನಾನು ನೋಡಿದ್ದು ಆಮೇಲೆ. ಕೆಂಪು ಬಿಟ್ಟರೆ ಜಾಸ್ತಿ ವಿಷದ ಗುರುತು ಅದೇ. ಮಕ್ಕಳು ತಿನ್ನುವ ಹಣ್ಣು ಅಲ್ವಾ, ಧೈರ್ಯ ಬರಲಿಲ್ಲ. ಬಳ್ಳಿ ಪೂರ್ತಿ ಕಿತ್ತು ಹಾಕಿದೆ.

ಹೇನು ಬಂದರೆ ಮೊದಲು ಎಲೆಯಡಿಗೆ ಪೈಪಿನ ನೀರು ಜೋರಾಗಿ ಬಿಡಿ. ಅದು ಸಾಲದಿದ್ದರೆ ಬೇವಿನೆಣ್ಣೆ ಹೊಡೆಯಿರಿ, ಅದೂ ಹೊತ್ತು ಮುಳುಗಿದ ಮೇಲೆ, ಹೂವಿಗೆ ತಾಗದಂತೆ. ಜೇನು ಕಮ್ಮಿ ಅನಿಸಿದರೆ ಬೆಳಿಗ್ಗೆ ಗಂಡು ಹೂ ಕಿತ್ತು, ಎಸಳು ತೆಗೆದು, ಹೆಣ್ಣು ಹೂವಿನ ನಡುವೆ ಮೆಲ್ಲಗೆ ಸವರಿ. ನಮ್ಮ ಕಡೆಯವರು ಅಂಗಡಿಗೆ ಹೋಗುವ ಮೊದಲು ಹಿಟ್ಟಿನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಎರಡು ಎಲೆ ಒಯ್ದು ತೋರಿಸಿ.